ಮನೆಯ ಮೂಕಜೀವಕ್ಕೊಂದು ಚಿತ್ರ

ನಿಮ್ಮ ಮನೆಯ ಅಟ್ಟದ ಮೇಲೋ ಹಳೆಯ ಪೆಟ್ಟಿಗೆಯ ತಳದಲ್ಲೋ ಗ್ರಾಮಫೋನ್ ತಟ್ಟೆಗಳು ಇನ್ನೂ ಉಳಿದಿದ್ದರೆ, ಒಂದನ್ನು ಹೊರತೆಗೆದು ಧೂಳು ಒರಸಿ ನೋಡಿ. ನಡುವೆ ಅಂಟಿಸಿದ ಕಾಗದದಲ್ಲಿ, ಹಾಡಿದವರ ಹೆಸರಿನ ಮೇಲ್ಗಡೆ, ಕಹಳೆಯ ಮುಂದೆ ತಲೆ ವಾಲಿಸಿ ಕುಳಿತ ಬಿಳಿಯ ನಾಯಿಯೊಂದು ಇದ್ದೀತು. ಒಂದು ಕಾಲದಲ್ಲಿ ನಮ್ಮ ಊರುಗಳ ಮಕ್ಕಳಿಗೆ ಕಂಪನಿಯ ಹೆಸರು ತಿಳಿಯದಿದ್ದರೂ ‘ನಾಯಿ ಮಾರ್ಕು’ ತಿಳಿದಿತ್ತು. ಆದರೆ ಆ ನಾಯಿ ಕೇವಲ ಮಾರ್ಕಲ್ಲ. ನಿಜವಾಗಿ ಬದುಕಿದ್ದ, ಒಂದು ಮನೆಯವರು ಅಕ್ಕರೆಯಿಂದ ಸಾಕಿದ್ದ ನಾಯಿ ಎಂಬುದನ್ನು ಬಲ್ಲವರು ಕಡಮೆ.

ಅದರ ಹೆಸರು ನಿಪ್ಪರ್. 1884ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹುಟ್ಟಿತು. ಒಡೆಯ ಮಾರ್ಕ್ ಬ್ಯಾರೋ 1887ರಲ್ಲಿ ತೀರಿಕೊಂಡ ಮೇಲೆ ಅವನ ತಮ್ಮ, ಚಿತ್ರಕಾರನಾದ ಫ್ರಾನ್ಸಿಸ್ ಬ್ಯಾರೋ, ಅದನ್ನು ತನ್ನ ಮನೆಗೆ ಕರೆತಂದ. 1895ರಲ್ಲಿ ನಿಪ್ಪರ್ ಸತ್ತಿತು. ಮೂರು ವರ್ಷ ಕಳೆದ ಬಳಿಕ ಫ್ರಾನ್ಸಿಸ್ ಅದರ ಚಿತ್ರ ಬರೆದ. ಮೊದಲು ಅವನು ಬರೆದದ್ದು ಉರುಳೆಯ ಮೇಲೆ ಹಾಡುವ ಫೋನೋಗ್ರಾಫನ್ನು. ಅದಕ್ಕೊಂದು ಚೆಂದದ ಹಿತ್ತಾಳೆಯ ಕಹಳೆ ಬೇಕೆಂದು ಗ್ರಾಮಫೋನ್ ಕಂಪನಿಗೆ ಹೋಗಿ ಕೇಳಿದಾಗ, ಅಲ್ಲಿನ ಮೇಲಾಳು ಚಿತ್ರವನ್ನು ಮೆಚ್ಚಿ, ಆ ಯಂತ್ರವನ್ನು ಅಳಿಸಿ ನಮ್ಮ ಯಂತ್ರವನ್ನು ಬರೆದರೆ ಕೊಳ್ಳುತ್ತೇವೆ ಎಂದ. 1899ರಲ್ಲಿ ವ್ಯಾಪಾರ ಕುದುರಿತು: ಚಿತ್ರಕ್ಕೆ 50 ಪೌಂಡು, ಅದನ್ನು ಬಳಸಿಕೊಳ್ಳುವ ಹಕ್ಕಿಗೆ ಇನ್ನೊಂದು 50 ಪೌಂಡು. ಮೂಲ ಪಟವನ್ನು ಓರೆಯಾಗಿ ನೋಡಿದರೆ ಹೊಸ ಯಂತ್ರದ ಬಣ್ಣದ ಅಡಿಯಲ್ಲಿ ಹಳೆಯ ಯಂತ್ರದ ಗುರುತು ಕಾಣುತ್ತದೆ. ಯಂತ್ರ ಬದಲಾಯಿತು, ನಾಯಿಯನ್ನು ಮಾತ್ರ ಬದಲಾಯಿಸಬೇಕಾಗಲಿಲ್ಲ.

ಈ ಕಥೆಯನ್ನು ಮೊದಲಿಗೇ ಹೇಳಿದುದಕ್ಕೆ ಕಾರಣವಿದೆ. ನಾನು ಜನರ ಮನೆಯ ನಾಯಿ, ಬೆಕ್ಕು, ಹಸು, ಕರುಗಳ ಚಿತ್ರಗಳನ್ನು ಕೇಳಿದವರಿಗೆ ಬರೆದುಕೊಡುವವನು. ನನ್ನಲ್ಲಿಗೆ ಬರುವವರ ಪೈಕಿ ಅರ್ಧಕ್ಕರ್ಧ ಮಂದಿ ಬ್ಯಾರೋನಂತೆಯೇ, ಪ್ರಾಣಿ ಹೋದ ಮೇಲೆ ಬರುತ್ತಾರೆ. ಹೋದದ್ದನ್ನು ಕಾಗದದ ಮೇಲೆ ಮರಳಿ ಕೂರಿಸುವುದು ಹೇಗೆ, ಬರೆಯಿಸುವವರು ಏನು ಮಾಡಿದರೆ ಆ ಕೆಲಸ ಸರಿಯಾಗಿ ಆಗುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ನಿಮಗೆ ಹೇಳಬೇಕೆಂದಿದ್ದೇನೆ.

ನಾಚಿಕೆಯ ಮಾತು

ಬರುವವರಲ್ಲಿ ಬಹಳ ಮಂದಿ ಒಂದು ಬಗೆಯ ಸಂಕೋಚದಿಂದಲೇ ಮಾತು ತೆಗೆಯುತ್ತಾರೆ. “ಒಂದು ನಾಯಿಗೋಸ್ಕರ ಇಷ್ಟೆಲ್ಲ ಯಾಕೆ ಅಂತ ನೀವು ನಗಬಹುದು” ಎನ್ನುತ್ತಾರೆ. ನಾನು ನಗುವುದಿಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಒಂದು ಕಲ್ಲಿನ ಸಂಗತಿ ಹೇಳುತ್ತೇನೆ.

ಅದು ಈಗಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕಲ್ಲು. ಶಕವರ್ಷ 872, ಎಂದರೆ ಕ್ರಿಸ್ತಶಕ 949–50ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಕೂಡಿ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಸಮಾಚಾರ ಅದರಲ್ಲಿದೆಯೆಂದು ಚರಿತ್ರೆಯ ವಿದ್ವಾಂಸರು ಅದನ್ನು ಗೌರವಿಸುತ್ತಾರೆ. ಆದರೆ ಆ ಕಲ್ಲು ನೆಟ್ಟದ್ದು ಯುದ್ಧಕ್ಕಾಗಿಯಲ್ಲ, ಒಂದು ನಾಯಿಗಾಗಿ. ಬೂತುಗನ ಕಡೆಯ ವೀರನಾದ ಮಣಲೆರನ ಪರಾಕ್ರಮವನ್ನು ಮೆಚ್ಚಿ ದೊರೆ ‘ಏನು ಬೇಕೋ ಕೇಳು’ ಎಂದನಂತೆ. ಊರು ಕೇಳಬಹುದಾಗಿತ್ತು, ಹೊನ್ನು ಕೇಳಬಹುದಾಗಿತ್ತು. ಅವನು ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರ ಆತಕೂರಿನ ದೇವಾಲಯದ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟ. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿಯ ಕಾಳಗದ ಚಿತ್ರ ಕೆತ್ತಲಾಗಿದೆ.

ಯಾರೋ ಒಬ್ಬ ಕಲ್ಲುಕುಟಿಗನನ್ನು ಕರೆದು, ‘ನನ್ನ ನಾಯಿ ಹೀಗಿತ್ತು, ಹೀಗೆ ಹೋರಾಡಿತು’ ಎಂದು ಮಣಲೆರ ಹೇಳಿಯೇ ಇರಬೇಕು. ಸಾವಿರ ವರ್ಷಕ್ಕೂ ಹಿಂದೆ ಕತ್ತಿ ಹಿಡಿದ ವೀರನೊಬ್ಬ ನಾಚದೆ ಮಾಡಿದ್ದನ್ನು ಇಂದು ನಾವು ಮಾಡಲು ನಾಚಬೇಕೇ?

ಅರಮನೆಗಳಲ್ಲಂತೂ ಇದು ಹಳೆಯ ರೂಢಿ. 1621ರಲ್ಲಿ ಜಹಾಂಗೀರ್ ಬಾದಶಹನ ಬಳಿಗೆ ಒಂದು ಜೀಬ್ರಾ ಬಂದಾಗ, ಯಾರೋ ಪಟ್ಟೆ ಬಳಿದಿದ್ದಾರೆಂದು ಜನ ಸಂಶಯಪಟ್ಟರಂತೆ. ಪರೀಕ್ಷಿಸಿ ನೋಡಿ, ಬಣ್ಣವಲ್ಲವೆಂದು ತಿಳಿದುಕೊಂಡರು. ಮನ್ಸೂರನೆಂಬ ಚಿತ್ರಕಾರ ಬರೆದ ಆ ಪ್ರಾಣಿಯ ಚಿತ್ರ ಈಗ ಲಂಡನ್ನಿನಲ್ಲಿದೆ. ವಿಕ್ಟೋರಿಯಾ ಇನ್ನೂ ರಾಣಿಯಾಗದೆ ರಾಜಕುಮಾರಿಯಾಗಿದ್ದಾಗ, 1836ರಲ್ಲಿ, ಅವಳ ತಾಯಿ ಮಗಳ ಹುಟ್ಟುಹಬ್ಬಕ್ಕೆಂದು ಲ್ಯಾಂಡ್‌ಸಿಯರ್ ಎಂಬ ಚಿತ್ರಕಾರನಿಂದ ಅವಳ ಮುದ್ದಿನ ನಾಯಿ ಡ್ಯಾಶ್‌ನ ಚಿತ್ರ ಬರೆಯಿಸಿದಳು. 1841ರ ಕ್ರಿಸ್ಮಸ್ ಹಬ್ಬಕ್ಕೆ ವಿಕ್ಟೋರಿಯಾ ತನ್ನ ಗಂಡ ಆಲ್ಬರ್ಟನಿಗೆ ಕೊಟ್ಟ ಉಡುಗೊರೆಯೂ ಅವನ ನಾಯಿ ಇಯೋಸ್‌ನ ಚಿತ್ರವೇ. ಅದರಲ್ಲಿ ಆಲ್ಬರ್ಟ್ ಇಲ್ಲ. ಅವನ ಟೋಪಿ, ಕೈಗವಸು, ಕೋಲು ಇವೆ. ಪಕ್ಕದಲ್ಲಿ ನಾಯಿ ನಿಂತಿದೆ. ಒಡೆಯ ಇನ್ನೇನು ಹೊರಡಲಿದ್ದಾನೆ ಎಂಬುದು ನೋಡಿದವರಿಗೆ ತಾನಾಗಿ ತಿಳಿಯುತ್ತದೆ.

ಮೊದಲು ಪ್ರಶ್ನೆ, ಆಮೇಲೆ ಪೆನ್ಸಿಲು

‘ಕೈಯಲ್ಲಿ ಮೊಬೈಲ್ ಫೋನು ಇರುವಾಗ, ಸಾವಿರ ಫೋಟೋ ಇರುವಾಗ, ಚಿತ್ರವೇಕೆ?’ ಎಂದು ನೀವು ಕೇಳಬಹುದು. ಫೋಟೋ ಒಂದು ಕ್ಷಣವನ್ನು ಹಿಡಿಯುತ್ತದೆ. ಆದರೆ ಹತ್ತು ವರ್ಷ ಜೊತೆಗಿದ್ದ ನಾಯಿ ನಿಮ್ಮ ಮನಸ್ಸಿನಲ್ಲಿರುವುದು ಒಂದು ಕ್ಷಣದ ರೂಪದಲ್ಲಲ್ಲ. ಒಂದು ಫೋಟೋದಲ್ಲಿ ಕಣ್ಣು ಚೆನ್ನಾಗಿರುತ್ತದೆ, ಇನ್ನೊಂದರಲ್ಲಿ ಕಿವಿ, ಮತ್ತೊಂದರಲ್ಲಿ ಕೂರುವ ಭಂಗಿ. ಅವನ್ನೆಲ್ಲ ಕೂಡಿಸಿ ಒಂದು ಮಾಡುವುದು ಚಿತ್ರಕಾರನ ಕೆಲಸ. ಹೇಗೆ ಕೂಡಿಸಬೇಕೆಂಬುದು ಅವನಿಗೆ ತಿಳಿಯಬೇಕಾದರೆ ನೀವು ಬಾಯಿ ಬಿಟ್ಟು ಹೇಳಬೇಕು.

ಆದ್ದರಿಂದ ನಾನು ಫೋಟೋ ನೋಡುವ ಮೊದಲೇ ಕೆಲವು ಪ್ರಶ್ನೆ ಕೇಳುತ್ತೇನೆ. ಅದು ಮನೆಯಲ್ಲಿ ಎಲ್ಲಿ ಮಲಗುತ್ತಿತ್ತು? ಹೆಸರು ಹಿಡಿದು ಕರೆದರೆ ಓಡಿ ಬರುತ್ತಿತ್ತೋ, ಕಿವಿ ಮಾತ್ರ ತಿರುಗಿಸುತ್ತಿತ್ತೋ? ಯಾರಿಗೆ ಹೆದರುತ್ತಿತ್ತು? ಯಾರ ಪಕ್ಕದಲ್ಲಿ ಕೂರುತ್ತಿತ್ತು? ಈ ಪ್ರಶ್ನೆಗಳಿಗೆ ಮನೆಯ ಯಜಮಾನರು ಒಂದು ಉತ್ತರ ಕೊಟ್ಟರೆ ಯಜಮಾನಿತಿ ಇನ್ನೊಂದು ಕೊಡುತ್ತಾರೆ. ಮಕ್ಕಳು ಇಬ್ಬರನ್ನೂ ತಿದ್ದುತ್ತಾರೆ. ಆ ಜಗಳದಲ್ಲಿಯೇ ನನಗೆ ಬೇಕಾದದ್ದು ಸಿಕ್ಕಿಬಿಡುತ್ತದೆ. ನಿಪ್ಪರ್‌ನ ಚಿತ್ರವನ್ನು ಲೋಕವೆಲ್ಲ ಗುರುತಿಸಿದ್ದು ಅದರ ಮೈಬಣ್ಣದಿಂದಲ್ಲ, ತಲೆ ವಾಲಿಸಿದ ಆ ಒಂದು ರೀತಿಯಿಂದ. ಪ್ರತಿಯೊಂದು ಪ್ರಾಣಿಗೂ ಅಂತಹದೊಂದು ರೀತಿ ಇರುತ್ತದೆ.

ಫೋಟೋ ತೆಗೆಯುವಾಗ

ಪ್ರಾಣಿ ಇನ್ನೂ ನಿಮ್ಮೊಡನಿದ್ದರೆ ಫೋಟೋ ತೆಗೆಯುವುದರಲ್ಲಿ ಸ್ವಲ್ಪ ಎಚ್ಚರಿಕೆ ವಹಿಸಿ. ಜನ ತರುವ ಫೋಟೋಗಳಲ್ಲಿ ಹೆಚ್ಚಿನವು ನಿಂತುಕೊಂಡು ಮೇಲಿನಿಂದ ತೆಗೆದವು. ಅವುಗಳಲ್ಲಿ ನಾಯಿಗೆ ದೊಡ್ಡ ತಲೆ, ಗಿಡ್ಡ ಕಾಲು. ನೀವು ನೆಲದ ಮೇಲೆ ಕುಳಿತು, ಅದರ ಕಣ್ಣಿನ ಮಟ್ಟಕ್ಕೆ ಫೋನು ಹಿಡಿಯಿರಿ. ತೀರ ಹತ್ತಿರ ಹೋಗಬೇಡಿ. ಹತ್ತಿರದಿಂದ ತೆಗೆದರೆ ಮೂಗು ಬದನೆಕಾಯಿಯಂತೆ ಉಬ್ಬಿ, ಕಿವಿಗಳು ಹಿಂದೆ ಸರಿದುಹೋಗುತ್ತವೆ. ಐದಾರು ಅಡಿ ದೂರದಿಂದ ತೆಗೆದು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು.

ಬೆಳಕು ಒಂದು ಪಕ್ಕದಿಂದ ಬರಲಿ. ಬೆಳಗಿನ ಹೊತ್ತು ಕಿಟಕಿಯ ಬಳಿ ಅಥವಾ ಜಗಲಿಯ ನೆರಳಿನಲ್ಲಿ ತೆಗೆದದ್ದು ಎಲ್ಲಕ್ಕಿಂತ ಉತ್ತಮ. ಫ್ಲಾಷ್ ದೀಪ ಬೇಡವೇ ಬೇಡ. ನಾಯಿ, ಬೆಕ್ಕು, ಹಸುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆ ಚಿಮ್ಮಿಸುವ ಪದರವೊಂದಿದೆ. ಇರುಳಿನಲ್ಲಿ ಅವಕ್ಕೆ ಕಣ್ಣು ಕಾಣಲು ಅದು ನೆರವಾಗುತ್ತದೆ. ಎದುರಿನಿಂದ ಫ್ಲಾಷ್ ಹೊಡೆದರೆ ಆ ಪದರ ಹಸಿರಾಗಿ ಉರಿದು, ನಿಮ್ಮ ಸಾಧು ಬೆಕ್ಕು ಪಿಶಾಚಿಯಂತೆ ಕಾಣುತ್ತದೆ. ಬೆಕ್ಕನ್ನು ಪ್ರಖರ ಬಿಸಿಲಿನಲ್ಲಿಯೂ ತೆಗೆಯಬೇಡಿ. ಬಿಸಿಲಿಗೆ ಅದರ ಕಣ್ಣಪಾಪೆ ನೆಟ್ಟನೆಯ ಗೀಟಾಗಿ ಕಿರಿದಾಗುತ್ತದೆ. ನೆರಳಿನಲ್ಲಿ ದುಂಡಗೆ ಅರಳುತ್ತದೆ. ನಿಮ್ಮ ಮಡಿಲಲ್ಲಿ ಮಲಗಿ ನಿಮ್ಮನ್ನು ನೋಡುವ ಕಣ್ಣು ಆ ಅರಳಿದ ಕಣ್ಣು.

ಮುಂದಿನಿಂದ ಒಂದು, ಎರಡು ಪಕ್ಕಗಳಿಂದ ಒಂದೊಂದು, ಪೂರ್ತಿ ಮೈ ಕಾಣುವಂತೆ ಒಂದು, ಮಚ್ಚೆಗಳು ಮತ್ತು ಸುಳಿಗಳು ಸ್ಪಷ್ಟವಾಗಿ ಕಾಣುವಂತೆ ಒಂದೆರಡು ಇರಲಿ. ಹಸುವಿನ ಚಿತ್ರ ಬರೆಯಿಸುವವರು ಇಂದಿಗೂ ಮೊದಲು ನೋಡುವುದು ಹಣೆಯ ಸುಳಿಯನ್ನು, ಆಮೇಲೆ ಕೊಂಬಿನ ತಿರುವನ್ನು. ಸುಳಿ ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿದರೂ ‘ಇದು ನಮ್ಮ ಗೌರಿಯಲ್ಲ’ ಎಂದುಬಿಡುತ್ತಾರೆ. ಅವರು ಹೇಳುವುದು ಸರಿ.

ಮೂಳೆಯಿಂದ ಕೂದಲಿಗೆ

ಇನ್ನು ಬರೆಯುವ ಕೆಲಸ. ಹೊಸಬರು ಕೂದಲಿನಿಂದ ಮೊದಲುಮಾಡುತ್ತಾರೆ; ಕೂದಲು ಕೊನೆಗೆ ಬರಬೇಕಾದದ್ದು. ಇಂಗ್ಲೆಂಡಿನ ಜಾರ್ಜ್ ಸ್ಟಬ್ಸ್ ಎಂಬ ಚಿತ್ರಕಾರ ಕುದುರೆಯನ್ನು ಬರೆಯುವುದು ಕಲಿಯಬೇಕೆಂದು ಒಂದು ಹಳ್ಳಿಯ ಮನೆಯಲ್ಲಿ ಸುಮಾರು ಒಂದೂವರೆ ವರ್ಷ ಸತ್ತ ಕುದುರೆಗಳನ್ನು ಕೊಯ್ದು, ಮೂಳೆ ಸ್ನಾಯುಗಳನ್ನು ಪದರ ಪದರವಾಗಿ ಬಿಡಿಸಿ ಬರೆದುಕೊಂಡ. 1766ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದ. ಸುಮಾರು 1762ರಲ್ಲಿ ಅವನು ಒಬ್ಬ ಶ್ರೀಮಂತನಿಗಾಗಿ ಬರೆದ ‘ವಿಸಲ್‌ಜಾಕೆಟ್’ ಎಂಬ ಕುದುರೆಯ ಚಿತ್ರ ಹೆಚ್ಚುಕಡಮೆ ಕುದುರೆಯಷ್ಟೇ ದೊಡ್ಡದು. ಹಿನ್ನೆಲೆಯಲ್ಲಿ ಮರವಿಲ್ಲ, ಬೆಟ್ಟವಿಲ್ಲ, ಸವಾರನಿಲ್ಲ. ಬರಿಯ ಕುದುರೆ. ಮೂಳೆ ಸರಿಯಾಗಿದ್ದರೆ ಬೇರೆ ಅಲಂಕಾರ ಬೇಡವೆಂಬುದಕ್ಕೆ ಅದೇ ಸಾಕ್ಷಿ.

ನಮ್ಮಂಥವರು ಅಷ್ಟು ಮಾಡಲಾರೆವು. ಆದರೆ ಎರಡು ಕಣ್ಣು, ಒಂದು ಮೂಗು, ಈ ಮೂರನ್ನು ಸೇರಿಸಿದ ಮುಕ್ಕೋನವನ್ನು ಮೊದಲು ಅಳೆದು ಹಾಕಿಕೊಳ್ಳುತ್ತೇವೆ. ಒಂದು ನಾಯಿಯ ಮುಖಕ್ಕೂ ಅದೇ ತಳಿಯ ಇನ್ನೊಂದು ನಾಯಿಯ ಮುಖಕ್ಕೂ ಇರುವ ಭೇದದ ಬಹುಪಾಲು ಆ ಮುಕ್ಕೋನದಲ್ಲಿದೆ. ಅದಾದ ಮೇಲೆ ಕಣ್ಣು. ಕಣ್ಣನ್ನು ಪೂರ್ತಿ ಮುಗಿಸದೆ ನಾನು ಮುಂದಕ್ಕೆ ಹೋಗುವುದಿಲ್ಲ. ಕಣ್ಣಿನೊಳಗೆ ಕಿಟಕಿಯ ಬೆಳಕು ಬಿದ್ದ ಒಂದು ಚುಕ್ಕೆ ಬಿಳಿಯ ಕಾಗದವನ್ನು ಹಾಗೆಯೇ ಬಿಡಬೇಕು. ಅದನ್ನು ತಪ್ಪಿ ಮುಚ್ಚಿದರೆ ಕಣ್ಣು ಗಾಜಿನ ಗುಂಡಾಗುತ್ತದೆ.

ಕೂದಲಿಗೆ ಒಂದು ದಾರಿಯಿದೆ. ಮೂಗಿನ ತುದಿಯಿಂದ ಹೊರಟು ಹಣೆಯ ಮೇಲೇರಿ, ಕಿವಿಗಳ ನಡುವೆ ಹಾದು ಕತ್ತಿನ ಹಿಂದಕ್ಕೆ ಇಳಿಯುತ್ತದೆ, ಕೆನ್ನೆಯಲ್ಲಿ ಹಿಂದಕ್ಕೆ ಓಡುತ್ತದೆ, ಎದೆಯಲ್ಲಿ ಸುಳಿಯಾಗುತ್ತದೆ. ನೀವು ಕೈಯಿಂದ ನೇವರಿಸುವ ದಿಕ್ಕೇ ಪೆನ್ಸಿಲಿನ ದಿಕ್ಕು. ಒಂದೊಂದು ಕೂದಲನ್ನೂ ಎಣಿಸಿ ಬರೆಯಬೇಕಾಗಿಲ್ಲ. ಗಟ್ಟಿ ಸೀಸದಿಂದ ತೆಳುವಾಗಿ ಹಾಸು ಹಾಕಿ, 2ಬಿ, 4ಬಿ, 6ಬಿ ಎಂದು ಮೆತ್ತನೆಯ ಸೀಸದತ್ತ ಬಂದು ನೆರಳುಗಳನ್ನು ಆಳ ಮಾಡಬೇಕು. ಮೀಸೆಯ ಕೂದಲು ಬಿಳಿಯದಾಗಿದ್ದರೆ ಒಂದು ಯುಕ್ತಿಯುಂಟು: ಸೀಸ ಹಚ್ಚುವ ಮೊದಲೇ ಮೊಂಡು ಸೂಜಿಯಿಂದ ಕಾಗದದ ಮೇಲೆ ಗೀರುಬಿಡುವುದು. ಆಮೇಲೆ ಎಷ್ಟು ಹಚ್ಚಿದರೂ ಆ ಗೀರಿನೊಳಗೆ ಸೀಸ ಇಳಿಯದೆ ಮೀಸೆ ಬೆಳ್ಳಗೆ ಉಳಿಯುತ್ತದೆ.

ಬಣ್ಣದಲ್ಲಿ ಬರೆಯುವುದಾದರೆ ಒಂದು ಮಾತು. ಕರಿಯ ನಾಯಿ ಕರ್ರಗಿರುವುದಿಲ್ಲ. ಅಂಗಳದಲ್ಲಿ ನಿಲ್ಲಿಸಿ ನೋಡಿ, ಬೆನ್ನಿನ ಮೇಲೆ ಆಕಾಶದ ನೀಲಿ, ಹೊಟ್ಟೆಯ ಅಡಿಯಲ್ಲಿ ನೆಲದ ಕೆಂಪು. ಬಿಳಿಯ ಬೆಕ್ಕೂ ಹಾಗೆಯೇ.

ನನ್ನ ತಪ್ಪು

ಇಷ್ಟೆಲ್ಲ ಬಲ್ಲೆನೆಂದು ಬೀಗುತ್ತಿದ್ದ ಕಾಲದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳದೆ ಮುಗಿಸಿದರೆ ನ್ಯಾಯವಾಗದು.

ನಿವೃತ್ತರಾದ ಮೇಷ್ಟರೊಬ್ಬರು ಒಂದೇ ಒಂದು ಫೋಟೋ ಹಿಡಿದುಕೊಂಡು ಬಂದರು. ಹದಿಮೂರು ವರ್ಷ ಬದುಕಿದ ಬೀದಿತಳಿಯ ನಾಯಿ, ಹೆಸರು ರಾಮು. ಸತ್ತು ಎರಡು ತಿಂಗಳಾಗಿತ್ತು. ಮನೆಯಾಕೆ ಅಂದಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲವೆಂದೂ, ಅವರಿಗೆ ತಿಳಿಯದಂತೆ ಚಿತ್ರ ಬರೆಯಿಸಿ ತೋರಿಸಬೇಕೆಂದೂ ಹೇಳಿದರು. ಫೋಟೋದಲ್ಲಿ ನಾಯಿಯ ಎಡಗಿವಿ ಅರ್ಧ ಹರಿದು ಜೋತುಬಿದ್ದಿತ್ತು. ನಾನು ಏನೂ ಕೇಳಲಿಲ್ಲ. ನೊಂದವರ ಮುಂದೆ ಹರಿದ ಕಿವಿ ಏಕೆ ಇಡಬೇಕೆಂದು ಕರುಣೆ ತೋರಿ, ಬಲಗಿವಿಯನ್ನೇ ನೋಡಿಕೊಂಡು ಎಡಗಿವಿಯನ್ನೂ ಸರಿಮಾಡಿ ಬರೆದೆ. ಕೂದಲು ಹೊಳೆಯಿತು. ಕಣ್ಣು ಮಿಂಚಿತು. ಕೈಗೆ ತೃಪ್ತಿಯಾಯಿತು.

ಚಿತ್ರವನ್ನು ನಾನೇ ಮನೆಗೆ ತೆಗೆದುಕೊಂಡು ಹೋದೆ. ಆ ತಾಯಿ ಕೈಯನ್ನು ಸೆರಗಿನಲ್ಲಿ ಒರಸಿಕೊಂಡು ಬಂದು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

“ಚೆನ್ನಾಗಿದೆ ಸ್ವಾಮಿ. ಇದು ಯಾರ ಮನೆ ನಾಯಿ?”

ಮೇಷ್ಟರು ತಲೆ ತಗ್ಗಿಸಿದರು. ನನಗೆ ಮಾತು ಹೊರಡಲಿಲ್ಲ. ಅವರೇ ಮುಂದುವರಿದು ಹೇಳಿದರು: “ಆ ಕಿವಿ ಹರಿದದ್ದು ನಮ್ಮ ಮೊಮ್ಮಗಳ ಮೇಲೆ ಎರಗಿದ ಕೋತಿಯನ್ನು ಓಡಿಸುವಾಗ. ಅವಳಿಗೆ ಆಗ ಎರಡು ವರ್ಷ. ಕೈಯಲ್ಲಿ ಬಾಳೆಹಣ್ಣಿತ್ತು. ಅವತ್ತು ಅವನಿಲ್ಲದಿದ್ದರೆ ಏನಾಗುತ್ತಿತ್ತೋ. ನೀವು ಆ ಕಿವೀನ ಹೊಲಿದುಬಿಟ್ಟಿದ್ದೀರಲ್ಲ.”

ನಾನು ಚಿತ್ರವನ್ನು ಹಿಂದಕ್ಕೆ ತೆಗೆದುಕೊಂಡೆ. ಅಂದು ಸಂಜೆಯವರೆಗೆ ಅಲ್ಲಿಯೇ ಕುಳಿತು, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಕೇಳಿದೆ. ರಾಮು ಬೆಳಗ್ಗೆ ರೇಡಿಯೋದಲ್ಲಿ ಆಕಾಶವಾಣಿಯ ಮೊದಲ ನಾದ ಬಂದೊಡನೆ ಎದ್ದು ಹೊಸಿಲ ಬಳಿ ಕೂರುತ್ತಿತ್ತಂತೆ. ಮೇಷ್ಟರು ತಿರುಗಾಟಕ್ಕೆ ಹೊರಡುವ ಹೊತ್ತು ಅದು. ಮುಂಗಾಲುಗಳನ್ನು ಹೊಸಿಲಾಚೆ ಇಟ್ಟು, ಮುಖವನ್ನು ಮಾತ್ರ ಒಳಗೆ ತಿರುಗಿಸಿ ನೋಡುತ್ತಿತ್ತಂತೆ. ಹಾಗೆ ತಿರುಗಿದಾಗ ಒಳಗಿನವರಿಗೆ ಕಾಣುತ್ತಿದ್ದದ್ದು ಆ ಹರಿದ ಕಿವಿ. ಎರಡನೆಯ ಸಲ ನಾನು ಬರೆದದ್ದು ಅದನ್ನು. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳುವ ಮುಖ ನನಗಿರಲಿಲ್ಲ. ಅದನ್ನು ನೋಡಿ ಆ ತಾಯಿ ಏನನ್ನೂ ಹೇಳಲಿಲ್ಲ. ಒಳಗೆ ಹೋಗಿ ಎರಡು ಲೋಟ ಕಾಫಿ ತಂದರು; ಆಮೇಲೆ ತಮಗೂ ಒಂದು ಲೋಟ ತಂದುಕೊಂಡು ನಮ್ಮೆದುರಿಗೆ ಕುಳಿತರು.

ಅಂದಿನಿಂದ, ನರೆತ ಮೂತಿ, ಮುರಿದ ಕೊಂಬು, ಕುಂಟುಗಾಲು, ಯಾವುದನ್ನೂ ಕೇಳದೆ ತಿದ್ದುವುದಿಲ್ಲ. ನೀವೂ ಬರೆಯಿಸುವಾಗ ಇದನ್ನು ಚಿತ್ರಕಾರನಿಗೆ ಸ್ಪಷ್ಟವಾಗಿ ಹೇಳಿಬಿಡಿ: ಇಂತಿಂಥ ಗುರುತು ಇರಲೇಬೇಕು ಎಂದು. ಕಾಯಿಲೆಯ ಕೊನೆಯ ದಿನಗಳ ಸೊರಗು ಬೇಡವೆನಿಸಿದರೆ ಅದನ್ನೂ ಹೇಳಿ. ಯಾವುದು ಇರಬೇಕು, ಯಾವುದು ಬೇಡ ಎಂಬುದು ಸಾಕಿದವರಿಗೆ ಗೊತ್ತು, ಬರೆಯುವವನಿಗೆ ಗೊತ್ತಿಲ್ಲ.

ವ್ಯವಹಾರದ ಮಾತು

ಕೆಲಸಕ್ಕೆ ಮೊದಲು ನಾಲ್ಕು ಮಾತು ತೀರ್ಮಾನವಾಗಲಿ. ಚಿತ್ರದ ಅಳತೆ ಎಷ್ಟು, ಪೆನ್ಸಿಲೋ ಬಣ್ಣವೋ, ಪ್ರಾಣಿ ಒಂದೋ ಎರಡೋ, ಮುಗಿಯುವುದು ಎಂದು. ಮುಖ ಮಾತ್ರದ ಪೆನ್ಸಿಲ್ ಚಿತ್ರಕ್ಕೇ ನನಗೆ ಹತ್ತು ಹನ್ನೆರಡು ಗಂಟೆಯ ಕೆಲಸ ಹಿಡಿಯುತ್ತದೆ. ಅದನ್ನು ಒಂದೇ ದಿನ ಮಾಡಲಾಗದು. ನಾಳೆಯೇ ಬೇಕೆನ್ನುವವರಿಗೆ ಒಪ್ಪುವ ಚಿತ್ರಕಾರನನ್ನು ಸ್ವಲ್ಪ ಸಂಶಯದಿಂದ ನೋಡಿ. ಕಾಸಿಗೆ ತಕ್ಕ ಕಜ್ಜಾಯವೆಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಸ್ವಲ್ಪ ಮುಂಗಡ ಕೊಡಿ, ಮೊದಲ ಗೆರೆಗಳ ಹಂತದಲ್ಲಿಯೇ ಒಮ್ಮೆ ನೋಡಿ. ತಿದ್ದುವುದಾದರೆ ಆಗ ಸುಲಭ. ನೆರಳು ತುಂಬಿದ ಮೇಲೆ ಕಾಗದ ತಡೆಯದು.

ಹಕ್ಕಿನ ಸಂಗತಿಯೂ ಒಂದಿದೆ. ಬ್ಯಾರೋ ಚಿತ್ರಕ್ಕೊಂದು, ಹಕ್ಕಿಗೊಂದು ಎಂದು ಬೇರೆ ಬೇರೆ ಬೆಲೆ ಪಡೆದ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಹಣ ಕೊಟ್ಟು ಹೇಳಿ ಬರೆಯಿಸಿದ ಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಯಿಸಿದವರದೇ. ಚಿತ್ರಕಾರ ತನ್ನ ಪ್ರದರ್ಶನಕ್ಕೋ ಕ್ಯಾಲೆಂಡರಿಗೋ ಅದನ್ನು ಬಳಸಬೇಕಾದರೆ ನಿಮ್ಮನ್ನು ಕೇಳಬೇಕು. ಇಬ್ಬರೂ ಇದನ್ನು ಮೊದಲೇ ಮಾತಾಡಿಕೊಂಡರೆ ಮುಂದೆ ಮನಸ್ತಾಪವಿಲ್ಲ.

ಚಿತ್ರ ಮನೆಗೆ ಬಂದ ಮೇಲೆ ಬರಿದಾಗಿ ಇಡಬೇಡಿ. ಆಮ್ಲವಿಲ್ಲದ ಒಳ್ಳೆಯ ಕಾಗದದ ಮೇಲೆ ಬರೆದದ್ದು ಎಂದು ಮೊದಲೇ ಖಚಿತಮಾಡಿಕೊಳ್ಳಿ. ಅಗ್ಗದ ಕಾಗದ ಕೆಲವೇ ವರ್ಷಗಳಲ್ಲಿ ಹಳದಿಗಟ್ಟುತ್ತದೆ. ಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಇಡಿಸಿ. ಬಿಸಿಲು ಬೀಳುವ ಗೋಡೆ ಬೇಡ, ಮಳೆಗಾಲದಲ್ಲಿ ಬೆವರುವ ಗೋಡೆಯೂ ಬೇಡ. ಮಲೆನಾಡು, ಕರಾವಳಿಯವರು ವರ್ಷಕ್ಕೊಮ್ಮೆ ಕೆಳಗಿಳಿಸಿ ಹಿಂಬದಿಯಲ್ಲಿ ಬೂಷ್ಟು, ಗೆದ್ದಲು ಇದೆಯೇ ಎಂದು ನೋಡುವುದೊಳ್ಳೆಯದು.

ಕೊನೆಯದಾಗಿ ಒಂದು ಮಾತು. ಚಿತ್ರ ಬರೆಯಿಸುವುದಕ್ಕೆ ನಿಮ್ಮ ಪ್ರಾಣಿ ಹೋಗುವವರೆಗೆ ಕಾಯಬೇಡಿ. ಬರೆಯಿಸುವ ಅನುಕೂಲವಿಲ್ಲದಿದ್ದರೂ ಚಿಂತೆಯಿಲ್ಲ. ಈ ಸಂಜೆ ರೇಡಿಯೋ ಕೇಳುತ್ತ ಕುಳಿತಾಗ ಅದು ನಿಮ್ಮ ಕಾಲ ಬಳಿ ಮಲಗಿದ್ದರೆ, ಮಕ್ಕಳ ಪುಸ್ತಕದ ಒಂದು ಹಾಳೆ, ಒಂದು ಪೆನ್ಸಿಲು ತೆಗೆದುಕೊಂಡು ಕಾಲು ಗಂಟೆ ಅದನ್ನೇ ನೋಡುತ್ತ ಬರೆಯಿರಿ. ಚಿತ್ರ ಚೆನ್ನಾಗಿ ಬರಲಿಕ್ಕಿಲ್ಲ. ಆದರೆ ಅದರ ಯಾವ ಕಿವಿ ಮೊದಲು ತಿರುಗುತ್ತದೆ, ಹಣೆಯ ಸುಳಿ ಎಲ್ಲಿದೆ, ಮೂತಿಯಲ್ಲಿ ಎಷ್ಟು ಕೂದಲು ನರೆತಿದೆ ಎಂಬುದು ನಿಮಗೆ ತಿಳಿದಿರುತ್ತದೆ. ಮುಂದೆ ಎಂದಾದರೂ ನನ್ನಂಥವನೊಬ್ಬ ಕೇಳಿದಾಗ ಹೇಳಲು ಆ ಮಾತುಗಳು ಬೇಕಾಗುತ್ತವೆ.